ಮೂವತ್ತರ ನಂತರವೂ ಮೊಡವೆ: ಮಹಿಳೆಯರು ಅರಿತಿರಬೇಕಾದ ಔಷಧೋಪಚಾರ

ಮೊಡವೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಹದಿಹರೆಯ. "ಪ್ರಾಯದ ಗುಳ್ಳೆ, ಮದುವೆಯಾದ ಮೇಲೆ ತಾನಾಗಿಯೇ ಹೋಗುತ್ತದೆ" ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದು ನಮ್ಮಲ್ಲಿ ರೂಢಿ. ಆದರೆ ಚರ್ಮರೋಗ ತಜ್ಞರ ಬಳಿಗೆ ಬರುವವರಲ್ಲಿ ಮದುವೆಯಾಗಿ ಹತ್ತು ವರ್ಷ ಕಳೆದವರು, ಮಕ್ಕಳನ್ನು ಶಾಲೆಗೆ ಕಳುಹಿಸಿ ಬಂದ ತಾಯಂದಿರು, ಕಚೇರಿಯಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿರುವವರು ಅನೇಕರು. ಇಪ್ಪತ್ತೈದು ದಾಟಿದ ಮೇಲೂ ಉಳಿಯುವ ಅಥವಾ ಆ ವಯಸ್ಸಿನಲ್ಲಿ ಹೊಸದಾಗಿ ಆರಂಭವಾಗುವ ಮೊಡವೆ ಪುರುಷರಿಗಿಂತ ಮಹಿಳೆಯರಲ್ಲಿಯೇ ಹೆಚ್ಚು. ಇದು ನಾಚಿಕೆಪಡಬೇಕಾದ ಸಂಗತಿಯೂ ಅಲ್ಲ, ಅಶುಚಿತ್ವದ ಗುರುತೂ ಅಲ್ಲ. ಕಾರಣ ತಿಳಿದಿರುವ, ಚಿಕಿತ್ಸೆಯೂ ಇರುವ ಒಂದು ಕಾಯಿಲೆ.

ಹಾಗಿದ್ದರೂ ಈ ವಿಷಯದಲ್ಲಿ ಮಹಿಳೆಯರು ಅನುಭವಿಸುವ ಕಷ್ಟ ಕೇವಲ ಚರ್ಮಕ್ಕೆ ಸೀಮಿತವಾಗಿಲ್ಲ. "ದೇಹಕ್ಕೆ ಉಷ್ಣವಾಗಿದೆ", "ರಕ್ತ ಕೆಟ್ಟಿದೆ", "ಮುಖ ಸರಿಯಾಗಿ ತೊಳೆಯುವುದಿಲ್ಲ" ಎಂಬ ಮಾತುಗಳನ್ನು ಕೇಳಿ ಕೇಳಿ ಸೋತವರು ಸಮಾರಂಭಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಕುಟುಂಬದ ಛಾಯಾಚಿತ್ರದಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾರೆ. ಮೊಡವೆಯೊಂದಿಗೆ ಖಿನ್ನತೆ ಮತ್ತು ಆತಂಕ ಸೇರಿಕೊಳ್ಳುವುದನ್ನು ವೈದ್ಯಶಾಸ್ತ್ರವೂ ಗುರುತಿಸಿದೆ. ಆದ್ದರಿಂದ ಇದನ್ನು ಸೌಂದರ್ಯದ ಹಂಬಲವೆಂದು ತಳ್ಳಿಹಾಕದೆ, ಆರೋಗ್ಯದ ಪ್ರಶ್ನೆಯೆಂದೇ ನೋಡುವುದು ಯೋಗ್ಯ.

ಹಾರ್ಮೋನಿನ ಪಾತ್ರ

ಚರ್ಮದಲ್ಲಿ ರೋಮಕೂಪಗಳಿಗೆ ಹೊಂದಿಕೊಂಡಂತೆ ಸಣ್ಣ ತೈಲಗ್ರಂಥಿಗಳಿವೆ. ಇವುಗಳನ್ನು ಕೆಲಸಕ್ಕೆ ಹಚ್ಚುವುದು ಆಂಡ್ರೋಜನ್ ಎಂಬ ಹಾರ್ಮೋನುಗಳ ಗುಂಪು. ಇವನ್ನು ಪುರುಷ ಹಾರ್ಮೋನು ಎಂದು ಕರೆಯುವುದುಂಟಾದರೂ, ಸ್ತ್ರೀಯರ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳೂ ಸ್ವಲ್ಪ ಪ್ರಮಾಣದಲ್ಲಿ ಇವುಗಳನ್ನು ಉತ್ಪಾದಿಸುತ್ತವೆ. ಆಂಡ್ರೋಜನ್ ಪ್ರಭಾವದಿಂದ ತೈಲ ಹೆಚ್ಚಾಗಿ ಒಸರುತ್ತದೆ, ಸತ್ತ ಜೀವಕೋಶಗಳು ರೋಮಕೂಪದ ಬಾಯಿಯನ್ನು ಮುಚ್ಚುತ್ತವೆ, ಅಲ್ಲಿ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಾ ವೃದ್ಧಿಯಾಗಿ ಉರಿಯೂತ ಉಂಟಾಗುತ್ತದೆ. ಅದೇ ಮೊಡವೆ.

ವಯಸ್ಕ ಮಹಿಳೆಯರಲ್ಲಿ ಇದು ಗಲ್ಲ, ದವಡೆಯ ಅಂಚು ಮತ್ತು ಕುತ್ತಿಗೆಯ ಮೇಲ್ಭಾಗದಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಮುಟ್ಟಿಗೆ ಕೆಲವು ದಿನ ಮೊದಲು ಉಲ್ಬಣಿಸುವುದು ಇದರ ಇನ್ನೊಂದು ಲಕ್ಷಣ. ಆಳದಲ್ಲಿ ಗಂಟುಗಟ್ಟಿ, ಮುಟ್ಟಿದರೆ ನೋಯುವ ಈ ಮೊಡವೆಗಳು ಮಾಗಿದ ಮೇಲೂ ಕಪ್ಪು ಕಲೆಗಳನ್ನು ಉಳಿಸುತ್ತವೆ. ನಮ್ಮ ಕಂದು ಮೈಬಣ್ಣದಲ್ಲಿ ಆ ಕಲೆಗಳು ತಿಂಗಳುಗಟ್ಟಲೆ ಮಾಸುವುದಿಲ್ಲ.

ಇಲ್ಲೊಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ರಕ್ತಪರೀಕ್ಷೆ ಮಾಡಿಸಿ "ಎಲ್ಲವೂ ನಾರ್ಮಲ್" ಎಂಬ ವರದಿ ಬಂದಾಗ ಅನೇಕರು ಗೊಂದಲಕ್ಕೀಡಾಗುತ್ತಾರೆ. ಹೆಚ್ಚಿನ ಮಹಿಳೆಯರಲ್ಲಿ ಹಾರ್ಮೋನಿನ ಮಟ್ಟ ಸರಿಯಾಗಿಯೇ ಇರುತ್ತದೆ. ಆ ಸಹಜ ಮಟ್ಟಕ್ಕೇ ತೈಲಗ್ರಂಥಿಗಳು ಅತಿಯಾಗಿ ಸ್ಪಂದಿಸುವುದು ತೊಂದರೆಯ ಮೂಲ. ಆದರೆ ಮುಟ್ಟು ಅನಿಯಮಿತವಾಗಿದ್ದರೆ, ಗಲ್ಲ ಮತ್ತು ಮೇಲ್ದುಟಿಯ ಮೇಲೆ ಕೂದಲು ದಟ್ಟವಾಗುತ್ತಿದ್ದರೆ, ನೆತ್ತಿಯ ಕೂದಲು ತೆಳುವಾಗುತ್ತಿದ್ದರೆ, ಗರ್ಭಧಾರಣೆ ತಡವಾಗುತ್ತಿದ್ದರೆ ಪಿಸಿಓಎಸ್ ಇರಬಹುದೇ ಎಂದು ಪರೀಕ್ಷಿಸುವುದು ಅಗತ್ಯ. ಆಗ ಮೊಡವೆಯು ದೇಹದೊಳಗಿನ ತೊಂದರೆಯ ಸೂಚನೆಯೂ ಆಗಿರುತ್ತದೆ.

ಮೊದಲ ಮೆಟ್ಟಿಲು: ಹಚ್ಚುವ ಔಷಧಗಳು

ಚಿಕಿತ್ಸೆ ಸಾಮಾನ್ಯವಾಗಿ ಲೇಪನಗಳಿಂದ ಆರಂಭವಾಗುತ್ತದೆ. ಅಡಾಪಲೀನ್, ಟ್ರೆಟಿನೋಯಿನ್ ಮುಂತಾದ ರೆಟಿನಾಯ್ಡ್‌ಗಳು ರೋಮಕೂಪ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ. ಅಜೆಲಾಯಿಕ್ ಆಮ್ಲ ಮೊಡವೆಯ ಜೊತೆಗೆ ಕಪ್ಪು ಕಲೆಯನ್ನೂ ತಿಳಿಯಾಗಿಸುತ್ತದೆ. ಆಂಡ್ರೋಜನ್ನಿನ ಕೆಲಸವನ್ನು ಚರ್ಮದಲ್ಲಿಯೇ ತಡೆಯುವ ಕ್ಲಾಸ್ಕೊಟೆರೋನ್ ಎಂಬ ಲೇಪನಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆಯಿತು.

ರೆಟಿನಾಯ್ಡ್ ಬಳಸಿದವರ ಅನುಭವದಲ್ಲಿ ಒಂದು ಸಾಮಾನ್ಯ ಮಾತಿದೆ: "ಹಚ್ಚಿದ ಮೇಲೆ ಇನ್ನೂ ಹೆಚ್ಚಾಯಿತು, ಚರ್ಮ ಸುಲಿಯಿತು, ಬಿಟ್ಟುಬಿಟ್ಟೆ." ಮೊದಲ ಕೆಲವು ವಾರಗಳಲ್ಲಿ ಒಣಗುವುದು, ಕೆಂಪಾಗುವುದು, ಒಳಗಿದ್ದ ಮೊಡವೆಗಳು ಮೇಲೆ ಬರುವುದು ನಿರೀಕ್ಷಿತವೇ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಔಷಧ ಸಾಕು. ರಾತ್ರಿ ಮಾತ್ರ, ಮೊದಮೊದಲು ದಿನ ಬಿಟ್ಟು ದಿನ ಹಚ್ಚಿ, ತೇವಕಾರಕ ಬಳಸಿ, ಹಗಲಿನಲ್ಲಿ ಬಿಸಿಲಿನಿಂದ ರಕ್ಷಣೆ ಪಡೆದರೆ ಬಹುತೇಕರು ಆ ಹಂತವನ್ನು ದಾಟುತ್ತಾರೆ. ಫಲಿತಾಂಶವನ್ನು ಅಳೆಯಲು ಕನಿಷ್ಠ ಮೂರು ತಿಂಗಳ ತಾಳ್ಮೆ ಬೇಕು. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣವನ್ನು ಕಳೆಯುತ್ತದೆ ಎಂಬುದೂ ತಿಳಿದಿರಲಿ. ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಅದು ಗೊತ್ತಾಗಬಾರದು.

ಉರಿಯೂತ ಹೆಚ್ಚಿದ್ದಾಗ ವೈದ್ಯರು ಡಾಕ್ಸಿಸೈಕ್ಲಿನ್ ಮುಂತಾದ ಆಂಟಿಬಯಾಟಿಕ್ ಮಾತ್ರೆಗಳನ್ನು ಕೊಡುವುದುಂಟು. ಇವು ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನ ಅವಧಿಗೆ ಸೀಮಿತ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವುದರಿಂದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ.

"ಇದು ಬಿ.ಪಿ. ಮಾತ್ರೆಯಲ್ಲವೇ?"

ಲೇಪನಗಳಿಗೆ ಬಗ್ಗದ, ದವಡೆಯ ಸುತ್ತಲೇ ಮರಳಿ ಮರಳಿ ಬರುವ ಮೊಡವೆಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆಯನ್ನು ತಜ್ಞರು ಬರೆದುಕೊಡುತ್ತಾರೆ. ಇದು ಹೊಸ ಔಷಧವಲ್ಲ. 1960ರ ಸುಮಾರಿನಿಂದ ರಕ್ತದೊತ್ತಡ, ದೇಹದಲ್ಲಿ ನೀರು ತುಂಬುವುದು ಮತ್ತು ಮುಂದೆ ಹೃದಯದ ದೌರ್ಬಲ್ಯಕ್ಕೆ ಬಳಕೆಯಲ್ಲಿದೆ. ಆಂಡ್ರೋಜನ್ ತೈಲಗ್ರಂಥಿಯ ಮೇಲೆ ಕೆಲಸ ಮಾಡದಂತೆ ತಡೆಯುವ ಗುಣವೂ ಇದಕ್ಕಿರುವುದರಿಂದ ಮಹಿಳೆಯರ ಮೊಡವೆಗೆ ಉಪಯೋಗಕ್ಕೆ ಬಂದಿತು. ಪುರುಷರಲ್ಲಿ ಸ್ತನ ಬೆಳೆಯುವಂತಹ ಪರಿಣಾಮಗಳಿರುವ ಕಾರಣ ಅವರ ಮೊಡವೆಗೆ ಇದನ್ನು ಕೊಡುವುದಿಲ್ಲ.

ತೊಡಕು ಆರಂಭವಾಗುವುದು ಔಷಧದಂಗಡಿಯಲ್ಲಿ. ಚೀಟಿ ನೋಡಿದವರು "ಇದು ಬಿ.ಪಿ.ಗೆ ಕೊಡುವುದಲ್ಲವೇ?" ಎನ್ನುತ್ತಾರೆ. ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ ಪತಿ "ಹೃದಯದ ಔಷಧ ನಿನಗೇಕೆ?" ಎಂದು ಗಾಬರಿಯಾಗುತ್ತಾರೆ. ಒಂದು ಪಟ್ಟಿ ಮುಗಿಯುವ ಮೊದಲೇ ಮಾತ್ರೆ ನಿಂತುಹೋಗುತ್ತದೆ. ಒಂದು ಕಾಯಿಲೆಗೆಂದು ಬಂದ ಔಷಧ ಇನ್ನೊಂದಕ್ಕೆ ಉಪಯುಕ್ತವಾಗುವುದು ವೈದ್ಯಶಾಸ್ತ್ರದಲ್ಲಿ ಅಪರೂಪವಲ್ಲ ಎಂಬುದನ್ನು ಮನೆಯವರೂ ತಿಳಿದರೆ ಈ ಅನವಶ್ಯಕ ಭಯ ತಪ್ಪುತ್ತದೆ.

ಇದರ ಪರಿಣಾಮದ ಕುರಿತು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 410 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ನಿಜವಾದ ಔಷಧ, ಉಳಿದವರಿಗೆ ಅದನ್ನೇ ಹೋಲುವ ಔಷಧರಹಿತ ಮಾತ್ರೆ. ಮೊದಲ ಆರು ವಾರ ದಿನಕ್ಕೆ 50 ಮಿಲಿಗ್ರಾಂ, ಅನಂತರ 100 ಮಿಲಿಗ್ರಾಂ. ಲೇಪನಗಳನ್ನು ಮುಂದುವರಿಸಲು ಎರಡೂ ಗುಂಪಿಗೆ ಅವಕಾಶವಿತ್ತು. 12ನೆಯ ವಾರದಲ್ಲಿ ಮೊಡವೆ ಸುಧಾರಿಸಿದೆ ಎಂದವರು ಔಷಧ ಪಡೆದವರಲ್ಲಿ ಶೇಕಡಾ 72, ಇನ್ನೊಂದು ಗುಂಪಿನಲ್ಲಿ ಶೇಕಡಾ 68, ಹೇಳಿಕೊಳ್ಳುವಂತಹ ಅಂತರವಿಲ್ಲ. 24ನೆಯ ವಾರದ ಹೊತ್ತಿಗೆ ಅದು ಶೇಕಡಾ 82 ಮತ್ತು ಶೇಕಡಾ 63 ಆಗಿತ್ತು. ಇದರಿಂದ ತಿಳಿಯುವುದೇನೆಂದರೆ, ಮಾತ್ರೆ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ. ಎರಡು ತಿಂಗಳಿಗೆ ಬೇಸತ್ತು ಬಿಟ್ಟವರು ಫಲ ಬರುವ ಮೊದಲೇ ಬಿಟ್ಟಂತೆ.

ಅಡ್ಡಪರಿಣಾಮಗಳೂ ಇವೆ. ತಲೆನೋವು, ತಲೆಸುತ್ತು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಸ್ತನಗಳಲ್ಲಿ ನೋವು, ಮುಟ್ಟಿನ ಏರುಪೇರು ಇವು ಸಾಮಾನ್ಯ. ಮೇಲಿನ ಅಧ್ಯಯನದಲ್ಲಿ ತಲೆನೋವು ಔಷಧ ಪಡೆದವರ ಪೈಕಿ ಶೇಕಡಾ 20ರಷ್ಟು, ಪಡೆಯದವರ ಪೈಕಿ ಶೇಕಡಾ 12ರಷ್ಟು ಮಂದಿಯಲ್ಲಿ ಕಂಡಿತು. ಈ ಔಷಧವು ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತದೆ. ಆರೋಗ್ಯವಂತ ಯುವತಿಯರಲ್ಲಿ ಇದು ಅಪಾಯದ ಮಟ್ಟಕ್ಕೆ ಹೋಗುವುದು ವಿರಳ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ರಕ್ತದೊತ್ತಡದ ಕೆಲವು ಮಾತ್ರೆ ಸೇವಿಸುವವರು, ವಯಸ್ಸು ಹೆಚ್ಚಿರುವವರು ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ನಮ್ಮ ನಾಡಿನಲ್ಲಿ ಒಂದು ಎಚ್ಚರಿಕೆ ವಿಶೇಷವಾಗಿ ಬೇಕು: ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಎಂದಾದರೊಮ್ಮೆ ಕುಡಿದರೆ ಆರೋಗ್ಯವಂತರಿಗೆ ಭಯವಿಲ್ಲ. "ಉಷ್ಣ ಇಳಿಯಲಿ" ಎಂದು ದಿನಕ್ಕೆ ಎರಡು ಮೂರು ಎಳನೀರು ಕುಡಿಯುವವರು ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಸೋಡಿಯಂ ಕಡಿಮೆ ಇರುವುದೆಂದು ಮಾರುವ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುತ್ತದೆ.

ಗರ್ಭನಿರೋಧಕ ಮಾತ್ರೆ ಮತ್ತು ತಾಯಂದಿರ ಅಂಜಿಕೆ

ಎರಡು ಹಾರ್ಮೋನುಗಳನ್ನೊಳಗೊಂಡ ಗರ್ಭನಿರೋಧಕ ಮಾತ್ರೆಯೂ ಆಂಡ್ರೋಜನ್ನಿನ ಪ್ರಭಾವವನ್ನು ತಗ್ಗಿಸಿ ಮೊಡವೆಯನ್ನು ಕಡಿಮೆ ಮಾಡುತ್ತದೆ. ಪಿಸಿಓಎಸ್ ಇರುವವರಲ್ಲಿ ಮುಟ್ಟನ್ನೂ ಕ್ರಮಕ್ಕೆ ತರುತ್ತದೆ. ಆದರೆ ಅವಿವಾಹಿತ ಮಗಳಿಗೆ ಈ ಮಾತ್ರೆ ಬರೆದುಕೊಟ್ಟಾಗ ತಾಯಿಯ ಮುಖ ಬಾಡುತ್ತದೆ. ಯಾರಾದರೂ ನೋಡಿದರೆ ಏನೆಂದುಕೊಂಡಾರು, ಮುಂದೆ ಮಕ್ಕಳಾಗದಿದ್ದರೆ ಗತಿಯೇನು ಎಂಬ ಎರಡು ಭಯಗಳು ಒಟ್ಟಿಗೆ ಕಾಡುತ್ತವೆ. ಎರಡನೆಯದಕ್ಕೆ ಉತ್ತರ ಸ್ಪಷ್ಟ: ಈ ಮಾತ್ರೆ ಶಾಶ್ವತ ಬಂಜೆತನವನ್ನು ಉಂಟುಮಾಡುವುದಿಲ್ಲ, ನಿಲ್ಲಿಸಿದ ಮೇಲೆ ಫಲವತ್ತತೆ ಮರಳುತ್ತದೆ. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವರು ನಾವೇ. ಔಷಧವನ್ನು ಔಷಧವೆಂದೇ ನೋಡುವ ವಿವೇಕ ಮನೆಯಿಂದ ಆರಂಭವಾಗಬೇಕು.

ಆದರೂ ಇದು ಎಲ್ಲರಿಗೂ ಹೊಂದುವುದಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರು, ಅಧಿಕ ರಕ್ತದೊತ್ತಡದವರು, ಕಣ್ಣಿಗೆ ಮಿಂಚು ಕಾಣಿಸಿಕೊಂಡು ಬರುವ ಅರೆತಲೆನೋವಿನವರು, 35 ದಾಟಿದ ಧೂಮಪಾನಿಗಳು ಇದನ್ನು ಸೇವಿಸಬಾರದು. ಗೆಳತಿಗೆ ಗುಣವಾಯಿತೆಂದು ತಾನೂ ಕೊಂಡು ನುಂಗುವುದು ಅಪಾಯಕರ.

ಐಸೊಟ್ರೆಟಿನೋಯಿನ್: ಗುಣ ದೊಡ್ಡದು, ಎಚ್ಚರವೂ ದೊಡ್ಡದು

ತೀವ್ರ, ಗಂಟುಗಂಟಾದ, ಗುಳಿ ಬೀಳಿಸುವ ಮೊಡವೆಗೆ ಅತ್ಯಂತ ಪರಿಣಾಮಕಾರಿ ಔಷಧ ಐಸೊಟ್ರೆಟಿನೋಯಿನ್. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದು ತೈಲಗ್ರಂಥಿಗಳನ್ನೇ ಕುಗ್ಗಿಸುತ್ತದೆ. ತುಟಿ ಒಡೆಯುವುದು ಬಹುತೇಕ ಎಲ್ಲರ ಅನುಭವ. ಕಣ್ಣು ಒಣಗುವುದು, ಮೈಕೈ ನೋವು ಕೂಡ ಉಂಟು. ಯಕೃತ್ತು ಮತ್ತು ಕೊಬ್ಬಿನಂಶದ ಪರೀಕ್ಷೆ ಮಾಡಿಸಬೇಕು. ಮನಸ್ಸು ಕುಗ್ಗಿದಂತೆನಿಸಿದರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಇವೆಲ್ಲಕ್ಕಿಂತ ಗಂಭೀರವಾದುದು ಗರ್ಭದ ಪ್ರಶ್ನೆ. ಈ ಔಷಧ ಸೇವಿಸುವಾಗ ಗರ್ಭ ನಿಂತರೆ ಶಿಶುವಿನ ಮೆದುಳು, ಹೃದಯ, ಕಿವಿ ಮತ್ತು ಮುಖದಲ್ಲಿ ತೀವ್ರ ವಿಕಲತೆ ಉಂಟಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಔಷಧ ಆರಂಭಿಸುವ ಒಂದು ತಿಂಗಳು ಮೊದಲಿನಿಂದ, ಸೇವಿಸುವಷ್ಟು ಕಾಲ ಮತ್ತು ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭಧಾರಣೆಯಾಗದಂತೆ ಖಚಿತ ಕ್ರಮ ಅನುಸರಿಸಬೇಕು. ಆ ಅವಧಿಯಲ್ಲಿ ರಕ್ತದಾನವನ್ನೂ ಮಾಡಬಾರದು. ಸ್ಪೈರೊನೊಲ್ಯಾಕ್ಟೋನ್ ಕೂಡ ಗಂಡು ಭ್ರೂಣದ ಬೆಳವಣಿಗೆಗೆ ಅಡ್ಡಿಯಾಗಬಹುದಾದ್ದರಿಂದ ಗರ್ಭಧಾರಣೆಗೆ ಯೋಚಿಸುವ ಮುನ್ನವೇ ಅದನ್ನು ನಿಲ್ಲಿಸಬೇಕು. ರೆಟಿನಾಯ್ಡ್ ಲೇಪನಗಳನ್ನೂ ಗರ್ಭಿಣಿಯರು ಬಿಡಬೇಕು. ಅವರಿಗೆ ಸುರಕ್ಷಿತವೆನ್ನಲಾದ ಅಜೆಲಾಯಿಕ್ ಆಮ್ಲದಂತಹ ಲೇಪನಗಳಿವೆ.

ನಮ್ಮ ಸಮಾಜದಲ್ಲಿ ಈ ಎಚ್ಚರಿಕೆ ಎಡವುವುದು ಮದುವೆಯ ಹೊತ್ತಿನಲ್ಲಿ. ಮದುವೆಗೆ ಮುಖ ತಿಳಿಯಾಗಲೆಂದು ಔಷಧ ಆರಂಭವಾಗುತ್ತದೆ. ಮುಹೂರ್ತ ನಿಶ್ಚಯವಾದ ಸಂಭ್ರಮದಲ್ಲಿ ವೈದ್ಯರಿಗೆ ಯಾರೂ ತಿಳಿಸುವುದಿಲ್ಲ. ಮಾತ್ರೆ ನುಂಗುವ ಸಂಗತಿ ವರನ ಕಡೆಯವರಿಗೆ ಗೊತ್ತಾಗಬಾರದೆಂದು ಮುಚ್ಚಿಡುತ್ತಾರೆ. ಹುಟ್ಟಲಿರುವ ಮಗುವಿನ ಆರೋಗ್ಯ ಆ ಮೌನಕ್ಕೆ ಸಿಲುಕಬಾರದು. ನಿಶ್ಚಿತಾರ್ಥವಾದೊಡನೆ ವೈದ್ಯರಿಗೆ ದಿನಾಂಕ ತಿಳಿಸಿ. ಕೈಹಿಡಿಯುವವನಿಗೂ ವಿಷಯ ತಿಳಿದಿರಲಿ. ಔಷಧದ ಅವಧಿ ಮುಗಿಯುವವರೆಗೆ ಕಾಯಬೇಕಾದ ಹೊಣೆ ಇಬ್ಬರದೂ ಹೌದು.

ದೂರವಿರಿಸಬೇಕಾದವು

ಬೆಳ್ಳಗಾಗಿಸುವ, ಎರಡೇ ದಿನದಲ್ಲಿ ಮೊಡವೆ ಇಳಿಸುವ ಮುಲಾಮುಗಳಲ್ಲಿ ಹಲವುಗಳ ಗುಟ್ಟು ಸ್ಟಿರಾಯ್ಡ್. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಇರುವ ಮುಲಾಮು ಹಚ್ಚಿದರೆ ಕೆಂಪು ತಕ್ಷಣ ಇಳಿಯುತ್ತದೆ. ಕ್ರಮೇಣ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣಿಸಿ, ಮೊಡವೆ ಮೊದಲಿಗಿಂತ ಹೆಚ್ಚಾಗಿ ಬರುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 14 ಬಗೆಯ ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕೊಳ್ಳುವವರೂ ಆ ಎಚ್ಚರ ಪಾಲಿಸಬೇಕು. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚುವುದರಿಂದಲೂ ಚರ್ಮ ಸುಟ್ಟು ಕಲೆ ಹೆಚ್ಚುತ್ತದೆ. ಆಹಾರದಲ್ಲಿ ಸಕ್ಕರೆ, ಮೈದಾ ಪದಾರ್ಥಗಳನ್ನು ಮಿತಗೊಳಿಸುವುದು ಕೆಲವರಿಗೆ ಸಹಾಯಕ. ಆದರೆ ಪಥ್ಯವೊಂದೇ ಹಾರ್ಮೋನಿನ ಮೊಡವೆಯನ್ನು ಗುಣಪಡಿಸುವುದಿಲ್ಲ.

ವೈದ್ಯರ ಬಳಿ ಹೋಗುವಾಗ

ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಹೋಗಿ. ಈವರೆಗೆ ಹಚ್ಚಿದ ಪ್ರತಿಯೊಂದು ಮುಲಾಮಿನ ಹೆಸರು ಹೇಳಿ, ಅಂಗಡಿಯವರು ಕೊಟ್ಟದ್ದನ್ನೂ ಸೇರಿಸಿ. ಸೇವಿಸುತ್ತಿರುವ ಇತರ ಔಷಧಗಳು, ಮಗುವಿಗೆ ಹಾಲೂಡಿಸುತ್ತಿರುವುದು, ಮದುವೆ ಅಥವಾ ಗರ್ಭಧಾರಣೆಯ ಯೋಚನೆ ಯಾವುದನ್ನೂ ಮುಚ್ಚಿಡಬೇಡಿ. ಎಷ್ಟು ಕಾಲ ಸೇವಿಸಬೇಕು, ಯಾವಾಗ ನಿಲ್ಲಿಸಬೇಕು, ಯಾವ ಪರೀಕ್ಷೆ ಬೇಕು ಎಂದು ಸಂಕೋಚವಿಲ್ಲದೆ ಕೇಳಿ. ಹಾರ್ಮೋನಿನ ಮಾತ್ರೆ ನಿಲ್ಲಿಸಿದ ಮೇಲೆ ಮೊಡವೆ ಮರಳಬಹುದು. ಅದು ಔಷಧದ ಸೋಲಲ್ಲ, ಕಾಯಿಲೆಯ ಸ್ವಭಾವ. ಆಗ ಲೇಪನಗಳನ್ನು ಮುಂದುವರಿಸುವ ಕ್ರಮವನ್ನು ವೈದ್ಯರು ಸೂಚಿಸುತ್ತಾರೆ.

ಮನೆಯವರಲ್ಲೊಂದು ವಿನಂತಿ. ಮಗಳ, ಸೊಸೆಯ, ಪತ್ನಿಯ ಮುಖ ಕಂಡೊಡನೆ ಮೊಡವೆಯ ಮಾತೆತ್ತುವುದನ್ನು ಬಿಡೋಣ. ಅದು ಅವರಿಗೆ ಕನ್ನಡಿಯಲ್ಲಿ ದಿನವೂ ಕಾಣುತ್ತದೆ. ಚಿಕಿತ್ಸೆಗೆ ಬೇಕಾದ ಆರು ತಿಂಗಳ ತಾಳ್ಮೆಯನ್ನು ಅವರೊಂದಿಗೆ ನಾವೂ ತೋರಿದರೆ ಔಷಧಕ್ಕೆ ತನ್ನ ಕೆಲಸ ಪೂರೈಸಲು ಅವಕಾಶ ಸಿಗುತ್ತದೆ.