ಮಾನಿಟರ್ ಕಪ್ಪಾಯಿತೆ? ಗಾಬರಿ ಬೇಡ

ನಾಳೆ ಮಗಳ ಪ್ರಾಜೆಕ್ಟ್ ಕೊಡಬೇಕು, ಇವತ್ತೇ ಮಾನಿಟರ್ ತುಂಬ ಕತ್ತಲು! ರಿಪೇರಿಯವರಿಗೆ ಫೋನ್ ಮಾಡುವ ಮುನ್ನ ಅದರ ಪುಟ್ಟ ದೀಪ ನೋಡಿ. ಉರಿಯದಿದ್ದರೆ ಪ್ಲಗ್ ಪರೀಕ್ಷಿಸಿ. ಕಸ ಗುಡಿಸುವಾಗ ವೈರ್ ಸಡಿಲಾಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ‘ನೋ ಸಿಗ್ನಲ್’ ಅಂತ ಬಂದರೆ ಮಾನಿಟರಿಗೆ ಜೀವ ಇದೆ ಅಂತಲೇ ಲೆಕ್ಕ. ಎಲ್ಲ ಆಫ್ ಮಾಡಿ, ಎಚ್‌ಡಿಎಂಐ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಚ್ಚಿ ಮತ್ತೆ ಸರಿಯಾಗಿ ಸಿಕ್ಕಿಸಿ. ಮೆನುವಿನಲ್ಲಿ ಇನ್‌ಪುಟ್ ಕೂಡ ಎಚ್‌ಡಿಎಂಐ ಎಂದೇ ಇರಲಿ.

ಆಗಲೂ ಇಲ್ಲವೆ? ಪರದೆಗೆ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಬ್ಯಾಕ್‌ಲೈಟ್ ಇರಬಹುದು. ಹಿಂಬದಿ ಮಾತ್ರ ಬಿಚ್ಚಲೇಬೇಡಿ, ಪ್ಲಗ್ ಕಿತ್ತರೂ ಒಳಗೆ ಕರೆಂಟ್ ಉಳಿದಿರುತ್ತದೆ. ಫೋಟೊ, ಫೈಲುಗಳ ಚಿಂತೆ ಬೇಡ; ಅವಿರುವುದು ಸಿಪಿಯು ಡಬ್ಬಿಯಲ್ಲಿ.

ರಿಪೇರಿಯವರು “ಹೊಸದೇ ತಗೊಳ್ಳಿ ಮೇಡಂ” ಅಂದರೆ, ಇದೇ ಮಾನಿಟರನ್ನು ಲ್ಯಾಪ್‌ಟಾಪ್‌ಗೆ ಹಾಕಿ ತೋರಿಸಿ ಅನ್ನಿ.