ಕಿವಿಗೆ ಪಳಗಿದ ಸಂಗೀತ

ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶೋತ್ಸವಕ್ಕೆ ಕೀಬೋರ್ಡ್, ರಿದಂ ಪ್ಯಾಡ್ ಹೊತ್ತು ಬರುವ ಸಿನಿಮಾ ಹಾಡಿನ ತಂಡ. ಚಿತ್ರದುರ್ಗದ ಕೋಟೆಯಲ್ಲೇ ಚಿತ್ರೀಕರಣಗೊಂಡ 'ನಾಗರಹಾವು' ತೆರೆಗೆ ಬಂದದ್ದು 1972ರಲ್ಲಿ. ವಿಜಯಭಾಸ್ಕರ್ ಸಂಗೀತದ, ಪಿ.ಬಿ. ಶ್ರೀನಿವಾಸ್ ಹಾಡಿದ ಓಬವ್ವನ ಹಾಡಿಗೆ ಅರ್ಧ ಶತಮಾನ ದಾಟಿದೆ. ಆದರೂ ಪೀಠಿಕೆಯ ವಾದ್ಯ ಮೊಳಗಿದರೆ ಸಾಕು, ಈ ಸೀಮೆಯವರಿಗೆ ಮುಂದಿನದು ಗೊತ್ತು.

ಗುಟ್ಟಿರುವುದು ಆ 'ಗೊತ್ತು' ಎಂಬುದರಲ್ಲೇ. ಅರ್ಥವಿಲ್ಲದ ಪದಗಳನ್ನೂ ಮತ್ತೆ ಮತ್ತೆ ಕಂಡರೆ ಜನ ಇಷ್ಟಪಡತೊಡಗುತ್ತಾರೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1968ರಲ್ಲಿ ತೋರಿಸಿದರು. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ, ಮೆಚ್ಚಿನ ಸಂಗೀತ ಕೇಳುತ್ತಿದ್ದವರ ಮಿದುಳನ್ನು ಪರೀಕ್ಷಿಸಿತು. ರೋಮಾಂಚನದ ಗಳಿಗೆಯಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಸ್ರವಿಸಿತು, ಸರಿ. ಅದಕ್ಕೆ ಕೆಲವು ಸೆಕೆಂಡು ಮೊದಲೇ, ಬರಿಯ ನಿರೀಕ್ಷೆಗೂ ಮಿದುಳಿನ ಇನ್ನೊಂದು ಭಾಗದಲ್ಲಿ ಸ್ರವಿಸಿತ್ತು! ಏನು ಬರಲಿದೆಯೆಂದು ತಿಳಿಯದವರಿಗೆ ಈ ಮುಂಗಡ ಸುಖ ಸಿಗುವುದು ಕಷ್ಟ.

ಹಾಗಾದರೆ ಗುಣಕ್ಕೆ ಬೆಲೆಯಿಲ್ಲವೇ? ಇದೆ, ಆದರೆ ನಾವು ಎಣಿಸಿದಷ್ಟಿಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ 48 ಅಪರಿಚಿತ ಹಾಡುಗಳಿಂದ ಆರಿಸಿಕೊಂಡರು. ಬೇರೆಯವರ ಆಯ್ಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡಿಗೆ ಜನ ಮುಗಿಬಿದ್ದರು. ಆದರೆ ಗೆದ್ದ ಹಾಡು ಗುಂಪಿನಿಂದ ಗುಂಪಿಗೆ ಬೇರೆಯಾಗಿತ್ತು. ತೀರಾ ಒಳ್ಳೆಯದು ಸೋತದ್ದು, ತೀರಾ ಕೆಟ್ಟದ್ದು ಗೆದ್ದದ್ದು ಅಪರೂಪ. ನಡುವಿನವುಗಳ ಪಾಡು ಅದೃಷ್ಟದ ಆಟ.

ಗುಣವೊಂದೇ ಸಾಲದು ಎಂಬುದಕ್ಕೆ ಮೈಸೂರಿನಲ್ಲೇ ನಿದರ್ಶನವಿದೆ. ಮಹಾರಾಜ ಜಯಚಾಮರಾಜ ಒಡೆಯರ್ ರಷ್ಯದ ನಿಕೊಲಾಯ್ ಮೆಟ್ನರ್‌ನ ಕೃತಿಗಳಿಗೆ ಮಾರುಹೋಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ಆ ವೃದ್ಧ ಸಂಯೋಜಕ, 1940ರ ದಶಕದ ಕೊನೆಯಲ್ಲಿ ತನ್ನ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದ ಜೊತೆ ಸ್ವತಃ ನುಡಿಸಿ ಧ್ವನಿಮುದ್ರಿಸಿದ್ದು ಒಡೆಯರ ಹಣದಿಂದ. ಮೂರನೆಯದನ್ನು ಅವರಿಗೇ ಅರ್ಪಿಸಿದ. ಹಣ, ಒಳ್ಳೆಯ ವಾದ್ಯವೃಂದ, ಧ್ವನಿಮುದ್ರಿಕೆ ಎಲ್ಲವೂ ಒದಗಿದವು; ಜನಪ್ರಿಯತೆ ಮಾತ್ರ ಒಲಿಯಲಿಲ್ಲ. ಅದೇ ಹೊತ್ತಿಗೆ ಅವನ ಗೆಳೆಯ ರಖ್ಮಾನಿನಫ್‌ನ ಎರಡನೇ ಕಾನ್ಸರ್ಟೊ, 1945ರ 'ಬ್ರೀಫ್ ಎನ್‌ಕೌಂಟರ್' ಸಿನಿಮಾದ ಮೂಲಕ ಸಂಗೀತ ಸಭೆಯ ಮೆಟ್ಟಿಲು ಹತ್ತದವರ ಕಿವಿಗೂ ಬಿದ್ದಿತ್ತು. ಮೆಟ್ನರ್‌ಗೆ ಅಂಥ ಸಿನಿಮಾ ಸಿಗಲಿಲ್ಲ.

ಆ ಧ್ವನಿಮುದ್ರಿಕೆಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮೂರನೇ ಕಾನ್ಸರ್ಟೊವನ್ನು ಒಮ್ಮೆ ಕೇಳಿ ಕೈಬಿಡಬೇಡಿ. ವಾರ ಬಿಟ್ಟು ಇನ್ನೆರಡು ಸಲ ಕೇಳಿ, ಆಮೇಲೆ ಒಡೆಯರ ಅಭಿರುಚಿಯ ಬಗ್ಗೆ ತೀರ್ಪು ಕೊಡಿ.