ಎಳೆಗೂಸಿನ ಹೊಟ್ಟೆಯ ವಾಯುವೂ ರಾತ್ರಿಯ ನಿದ್ದೆಯೂ

ರಾತ್ರಿ ಹೋಟೆಲಿನ ಬಾಗಿಲು ಹಾಕಿ, ಪುಣೆಯ ಯಾವುದೋ ಪೇಠೆಯ ವಾಡೆಯ ಮೆಟ್ಟಿಲೇರುವ ನಮ್ಮ ಬಂಧುವನ್ನು ಮೊದಲು ಎದುರುಗೊಳ್ಳುವುದು ಎರಡು ತಿಂಗಳ ಕೂಸಿನ ಅಳು. ಕೂಸು ಮುಷ್ಟಿ ಬಿಗಿದು, ಮೊಣಕಾಲುಗಳನ್ನು ಹೊಟ್ಟೆಗೆಳೆದುಕೊಂಡು, ಮುಖ ಕೆಂಪೇರುವಂತೆ ಚೀರುತ್ತಿರುತ್ತದೆ. ನೆರೆಯವರು ಗೋಡೆ ತಟ್ಟುತ್ತಾರೆ. ಉಪಾಯ ಹೇಳಬೇಕಾದ ಅಜ್ಜಿ ಉಡುಪಿಯಲ್ಲೋ ಧಾರವಾಡದಲ್ಲೋ ಇದ್ದಾಳೆ. ನಸುಕಿನಲ್ಲಿ ಒಲೆ ಹೊತ್ತಿಸಬೇಕಾದವನಿಗೂ, ಹತ್ತು ಗಂಟೆಗೆ ಕಚೇರಿಯಲ್ಲಿ ಲೆಕ್ಕದ ಪುಸ್ತಕ ತೆರೆಯಬೇಕಾದವನಿಗೂ ಈ ಸಂಕಟ ಒಂದೇ.

ಬಹುಮಟ್ಟಿಗೆ ಇದು ರೋಗವಲ್ಲ. ಅಮೆರಿಕದ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು 1954ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು: ಆರೋಗ್ಯವಾಗಿರುವ ಕೂಸು ದಿನಕ್ಕೆ 3 ಗಂಟೆಗೂ ಹೆಚ್ಚು, ವಾರದಲ್ಲಿ 3 ದಿನಕ್ಕೂ ಹೆಚ್ಚು, 3 ವಾರಕ್ಕೂ ಮೀರಿ ಅತ್ತರೆ ಅದು ಶೂಲೆಯ ಅಳು. ಸುಮಾರು 6 ವಾರಗಳ ಪ್ರಾಯದಲ್ಲಿ ಇದು ಹೆಚ್ಚುತ್ತದೆ. 3–4 ತಿಂಗಳಾಗುವಾಗ ತಾನಾಗಿ ಇಳಿಯುತ್ತದೆ. ವಾಯುವೊಂದೇ ಇದರ ಕಾರಣವೆನ್ನಲಾಗದು. ಆದರೆ ಕೂಸು ಹಾಲಿನೊಡನೆ ಗಾಳಿಯನ್ನೂ ನುಂಗುವುದು, ಅಳುವಾಗ ಇನ್ನಷ್ಟು ನುಂಗುವುದು ನಿಜ.

ಆದ್ದರಿಂದ ಮುಖ್ಯವಾದದ್ದು ತೇಗು ಬರಿಸುವ ಕೆಲಸ. ಹಾಲು ಕುಡಿಯುವ ನಡುವೆ ಒಮ್ಮೆ, ಕುಡಿದ ಮೇಲೆ ಒಮ್ಮೆ, ಕೂಸನ್ನು ನೆಟ್ಟಗೆ ಹೆಗಲಿಗೊರಗಿಸಿ, ಕುತ್ತಿಗೆಗೆ ಆಸರೆ ಕೊಟ್ಟು, ಬೆನ್ನನ್ನು ಮೆಲ್ಲಗೆ ತಟ್ಟಬೇಕು. ಹತ್ತು ಹದಿನೈದು ನಿಮಿಷ ಹಾಗೆಯೇ ಎತ್ತಿಕೊಂಡಿರುವುದು ಲೇಸು. ಸೀಸೆಯ ಹಾಲಾದರೆ ಮೊಲೆತೊಟ್ಟಿನ ರಬ್ಬರು ಸದಾ ಹಾಲಿನಿಂದ ತುಂಬಿರುವಂತೆ ಬಾಗಿಸಿ ಹಿಡಿಯಬೇಕು. ಒಳಲೆಯಲ್ಲಿ ಎರೆಯುವವರು ಕೂಸನ್ನು ಅಂಗಾತ ಮಲಗಿಸಿ ಎರೆಯಬಾರದು, ನೆತ್ತಿಗೇರುತ್ತದೆ. ಹಾಲು ಕುಡಿಸಿ ಸ್ವಲ್ಪ ಹೊತ್ತು ಕಳೆದ ಮೇಲೆ, ಅಂಗೈಗೆ ತುಸು ಕೊಬ್ಬರಿ ಎಣ್ಣೆ ಸವರಿಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹೊಟ್ಟೆ ನೀವಬಹುದು. ದೊಡ್ಡ ಕರುಳು ಸಾಗುವ ದಾರಿಯೂ ಅದೇ. ಸೈಕಲ್ ತುಳಿಸಿದಂತೆ ಕಾಲುಗಳನ್ನಾಡಿಸುವುದೂ ಒಳ್ಳೆಯದೇ.

ಇನ್ನು ಗ್ರೈಪ್ ವಾಟರ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ಇದನ್ನು ಹೊರತಂದನು. ಅದರಲ್ಲಿ ಸೋಡ, ಸಕ್ಕರೆ, ಸಬ್ಬಸಿಗೆ ಜಾತಿಯ ಬೀಜದ ಎಣ್ಣೆ ಇದ್ದವು. ಬಹುಕಾಲ ಮದ್ಯಸಾರವೂ ಇತ್ತು! ಕೂಸು ಸುಮ್ಮನಾದುದರಲ್ಲಿ ಆಶ್ಚರ್ಯವೇನು? ಇಲ್ಲಿಯ ಮಂಡಈಯಲ್ಲಿ ಶೇಪು ಎಂದು ಮಾರುವ ಸೊಪ್ಪು ನಮ್ಮ ಸಬ್ಬಸಿಗೆಯೇ. ಬಾಣಂತಿ ಅದನ್ನುಣ್ಣಲಿ, ಕೂಸಿಗೆ ಬೇಡ. ಮೊದಲ 6 ತಿಂಗಳು ಎದೆಹಾಲಲ್ಲದೆ ನೀರೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಓಮದ ನೀರು, ತೇದ ಬಜೆ, ನೆರೆಮನೆಯವರು ಪ್ರೀತಿಯಿಂದ ತರುವ ಬಾಳಗುಟಿ, ಜೇನು, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಹಿರಿಯರಿಗೆ ಇದು ರುಚಿಸಲಾರದು, ಬಲ್ಲೆವು.

ನಿದ್ದೆಗೆಂದು ಮದ್ದು ಕೊಡುವುದಂತೂ ಘೋರ. 1920ರ ದಶಕದ ಮುಂಬಯಿಯಲ್ಲಿ ಗಿರಣಿಗೆ ಹೋಗುವ ಬಡ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸುತ್ತಿದ್ದುದು ಅಂದಿನ ವರದಿಗಳಲ್ಲಿದೆ. ಇಂದು ಅದೇ ಉದ್ದೇಶಕ್ಕೆ ನೆಗಡಿಯ ಸಿರಪ್ಪನ್ನು ಚಮಚದಲ್ಲಿ ಎರೆಯುವವರಿದ್ದಾರೆ. ಬೋರಲು ಮಲಗಿಸಿದರೆ ವಾಯು ಹೋಗುವುದೆಂದು ಹಾಗೆಯೇ ರಾತ್ರಿಯೆಲ್ಲ ಬಿಡುವುದೂ ಅಪಾಯ, ಉಸಿರು ಕಟ್ಟೀತು. ನಿದ್ದೆಗೆ ಅಂಗಾತವೇ ಸರಿ, ತಲೆದಿಂಬಿಲ್ಲದೆ.

ಹಸಿರು ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ಹಾಲು ಬಿಟ್ಟಿರುವುದು, 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ರೈಲು ನಿಲ್ದಾಣದ ಬಳಿಯ ಸಸೂನ್ ಸರಕಾರಿ ಆಸ್ಪತ್ರೆಯನ್ನು ಪುಣೆಯಲ್ಲಿ ಅರಿಯದವರಿಲ್ಲ.

ಎಷ್ಟು ಮಾಡಿದರೂ ಅಳು ನಿಲ್ಲದ ರಾತ್ರಿಗಳುಂಟು. ಸಿಟ್ಟು ನೆತ್ತಿಗೇರಿದರೆ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಐದು ನಿಮಿಷ ಹೊರಗಿನ ಪಡಸಾಲೆಯಲ್ಲಿ ನಿಂತು ಬರಬೇಕು. ಹಿಡಿದು ಕುಲುಕಿದರೆ ಮಿದುಳಿಗೇ ಪೆಟ್ಟು. ತಾಯಿ ಸಂಜೆಯಿಂದ ಹೊತ್ತು ತಿರುಗಿ ಬಳಲಿರುತ್ತಾಳೆ. ಹೋಟೆಲಿನಿಂದ ಬಂದವನು ಕೈಕಾಲು ತೊಳೆದು, ಹೊಗೆ ನಾರುವ ಅಂಗಿ ಕಳಚಿ, ಮಡಿಸಿದ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಕೂಸನ್ನು ಎತ್ತಿಕೊಳ್ಳಲಿ. ತೇಗಿನ ಸದ್ದು ಕೇಳುವಷ್ಟರಲ್ಲಿ ಅವಳಿಗೊಂದು ಜೊಂಪು ಹತ್ತಿರುತ್ತದೆ.